ಬುಸ್ ಅನ್ನೋ ಸದ್ದಿಗೆ ಮ್ಯಾನಿಫೋಲ್ಡ್ ಬಿಚ್ಚೋ ಮೊದಲು

ನಿಮ್ಮದು ಹಳೇ ಪೆಟ್ರೋಲ್ ವಿ6 ಪಿಕಪ್. ಐಡ್ಲಿಂಗ್‌ನಲ್ಲಿ ಆರ್‌ಪಿಎಂ ಏರಿಳಿಯುತ್ತದೆ, ಬಾನೆಟ್ ಎತ್ತಿದರೆ ಬುಸ್ ಅಂತ ಸದ್ದು, ಸ್ಕ್ಯಾನರ್‌ನಲ್ಲಿ ಪಿ0171 ಮತ್ತು ಪಿ0174, ಅಂದರೆ ಎಂಜಿನ್ನಿನ ಎರಡೂ ಬದಿಯಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅನ್ನೋ ಕೋಡ್‌ಗಳು. ಆಕ್ಸಿಜನ್ ಸೆನ್ಸರ್ ಬದಲಾಯಿಸಲಾ, ಇಲ್ಲ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಭಾಗ) ಸುತ್ತ ಸಿಲಿಕಾನ್ ಅಂಟು ಬಳಿಯಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಎರಡು ಬದಿಯ ಸೆನ್ಸರ್ ಒಟ್ಟಿಗೇ ಕೆಡುವುದು ಅಪರೂಪ. ಒಳಬರುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ದಾಟಿದ ಮೇಲೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿದೆ, ಸೆನ್ಸರ್‌ಗಳು ಅದನ್ನೇ ಹೇಳುತ್ತಿವೆ.

ಮೊದಲು ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ ನೋಡಿ, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಮ್ಮಿ ಮಾಡುತ್ತಿದೆ ಅನ್ನೋ ಅಂಕಿ. ಐಡ್ಲಿಂಗ್‌ನಲ್ಲಿ +20 ಇದ್ದು, 2500 ಆರ್‌ಪಿಎಂಗೆ ಹಿಡಿದಾಗ ಸೊನ್ನೆಯ ಹತ್ತಿರ ಬಂದರೆ ಗಾಳಿ ಸೋರಿಕೆಯೇ. ಎಂಜಿನ್ ಜಾಸ್ತಿ ಗಾಳಿ ಎಳೆಯುವಾಗ ಅದೇ ಸಣ್ಣ ಬಿರುಕು ಲೆಕ್ಕಕ್ಕೇ ಬರುವುದಿಲ್ಲ. ಆರ್‌ಪಿಎಂ ಏರಿದಂತೆ ಟ್ರಿಮ್ಮೂ ಏರಿದರೆ ಪೆಟ್ರೋಲ್ ಪಂಪ್, ಫಿಲ್ಟರ್, ಇಲ್ಲವೇ ಕೊಳೆಯಾದ ಏರ್‌ಫ್ಲೋ ಸೆನ್ಸರ್ ಕಡೆ ನೋಡಬೇಕು.

ನಾನು ಒಮ್ಮೆ ಇದನ್ನೆಲ್ಲ ನೋಡದೆ ಸೀದಾ ಮ್ಯಾನಿಫೋಲ್ಡ್ ಬಿಚ್ಚಿದ್ದೆ. ಇಡೀ ದಿನದ ಕೆಲಸ. ಜೋಡಣೆಯಲ್ಲಿ ಗಾಳಿ ಸೋರದಂತೆ ಕೂರಿಸುವ ಹೊಸ ಗ್ಯಾಸ್ಕೆಟ್ ಹಾಕಿ ಸ್ಟಾರ್ಟ್ ಮಾಡಿದರೆ ಅದೇ ಬುಸ್! ಕೊನೆಗೆ ನೋಡಿದರೆ ಎಂಜಿನ್ ಹಿಂದುಗಡೆ ಪಿಸಿವಿ ಪೈಪಿನ (ಎಂಜಿನ್ ಒಳಗಿನ ಹೊಗೆಯನ್ನು ಮ್ಯಾನಿಫೋಲ್ಡ್‌ಗೆ ಎಳೆಯುವ ಪೈಪು) ರಬ್ಬರ್ ಮೊಣಕೈ. ಆಯಿಲ್ ಕುಡಿದು ಮೆತ್ತಗಾಗಿ, ಕೆಳಮಗ್ಗುಲಲ್ಲಿ ಉಗುರು ಉದ್ದ ಸೀಳಿತ್ತು. ಮೇಲಿಂದ ನೋಡಿದರೆ ಚೆನ್ನಾಗೇ ಇತ್ತು. ಬೆರಳಲ್ಲಿ ಒತ್ತಿ ಹಿಡಿದ ಕೂಡಲೇ ಸದ್ದು ನಿಂತಿತು. ಅದಕ್ಕೇ ಹೇಳುತ್ತಿದ್ದೇನೆ, ಮೊದಲು ಮ್ಯಾನಿಫೋಲ್ಡ್‌ಗೆ ಸೇರುವ ಪೈಪುಗಳನ್ನು ಒಂದೊಂದಾಗಿ ಬಗ್ಗಿಸಿ, ತಿರುಗಿಸಿ ನೋಡಿ. ಬ್ರೇಕ್ ಬೂಸ್ಟರ್‌ಗೆ ಹೋಗುವ ಪೈಪ್ ಸೀಳಿದ್ದರೆ ಟೇಪ್ ಸುತ್ತಬೇಡಿ, ಹೊಸದೇ ಹಾಕಿ.

ಪೈಪೆಲ್ಲ ಸರಿಯಿದ್ದರೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಮ್ಯಾನಿಫೋಲ್ಡ್ ಅಂಚಿಗೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ಸ್ವಲ್ಪ ನೀರು ಬಿಡಿ. ಕಾಯಿಲ್, ವೈರಿಂಗ್ ಮೇಲೆ ಬೀಳದಿರಲಿ. ಸೋರುವ ಕಡೆ ನೀರನ್ನು ಒಳಗೆ ಎಳೆದುಕೊಂಡು ಸದ್ದು ಬದಲಾಗುತ್ತದೆ. ಕಾರ್ಬ್ ಕ್ಲೀನರ್ ಹೊಡೆಯುವವರೂ ಇದ್ದಾರೆ, ಆದರೆ ಬಿಸಿ ಎಕ್ಸಾಸ್ಟ್ ಪೈಪಿನ ಮೇಲೆ ಬಿದ್ದರೆ ಬೆಂಕಿ. ಗ್ಯಾಸ್ಕೆಟ್ ತಣ್ಣಗಿದ್ದಾಗ ಸೋರಿ, ಬಿಸಿಯಾದ ಮೇಲೆ ಸುಮ್ಮನಾಗುವುದೂ ಉಂಟು. ಹಾಗಾಗಿ ಬೆಳಗ್ಗೆ ಮೊದಲ ಸ್ಟಾರ್ಟ್‌ನಲ್ಲೇ ನೋಡಿ.

ಗ್ಯಾಸ್ಕೆಟ್ಟೇ ಅಂತ ಖಾತ್ರಿಯಾದರೆ ಬಿಚ್ಚಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಪೆಟ್ರೋಲ್ ಲೈನಿನ ಪ್ರೆಶರ್ ಇಳಿಸಿ. ಪ್ರತಿ ಕನೆಕ್ಟರ್‌ನ ಫೋಟೋ ತೆಗೆದುಕೊಳ್ಳಿ. ಮ್ಯಾನಿಫೋಲ್ಡ್ ಎತ್ತಿದ ತಕ್ಷಣ ಕೆಳಗೆ ಕಾಣುವ ಗಾಳಿಯ ಕಿಂಡಿಗಳಿಗೆ (ಪೋರ್ಟ್) ಬಟ್ಟೆ ತುರುಕಿ. ಒಂದು ನಟ್ ಒಳಗೆ ಬಿದ್ದರೆ ಕಥೆ ಮುಗಿಯಿತು. ಹಳೇ ಗ್ಯಾಸ್ಕೆಟ್ ಚೂರು ಕೆರೆಯಲು ಪ್ಲಾಸ್ಟಿಕ್ ಸ್ಕ್ರೇಪರ್ ಸಾಕು. ಗ್ರೈಂಡರ್ ಡಿಸ್ಕ್ ಮಾತ್ರ ಹಚ್ಚಬೇಡಿ. ಅಲ್ಯೂಮಿನಿಯಂ ತಗ್ಗಾಗುತ್ತದೆ, ಡಿಸ್ಕಿನ ಪುಡಿ ಆಯಿಲ್‌ಗೆ ಸೇರಿದರೆ ಬೇರಿಂಗ್ ತಿನ್ನುತ್ತದೆ. ಕೆಲವು ಮ್ಯಾನಿಫೋಲ್ಡ್‌ಗಳಲ್ಲಿ ಕೂಲಂಟ್ ಕೂಡ ಹರಿಯುತ್ತದೆ. ನಿಮ್ಮದೂ ಹಾಗಿದ್ದರೆ ಮೊದಲು ಅದನ್ನು ಇಳಿಸಿಕೊಳ್ಳಿ.

ಬೋಲ್ಟ್ ಬಿಗಿಯುವಾಗ ನಡುವಿನಿಂದ ಶುರು ಮಾಡಿ, ಅಡ್ಡಡ್ಡವಾಗಿ ಹೊರಕ್ಕೆ ಬನ್ನಿ. ಒಂದೇ ಸಲ ಬೇಡ, ಎರಡು ಮೂರು ಸುತ್ತಿನಲ್ಲಿ. ಎಷ್ಟು ಟಾರ್ಕ್, ಅಂದರೆ ಎಷ್ಟು ಬಿಗಿ ಅನ್ನೋದು ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿರುತ್ತದೆ. ಪ್ಲಾಸ್ಟಿಕ್ ಮ್ಯಾನಿಫೋಲ್ಡ್‌ಗಳಿಗೆ ಅದು ಎಷ್ಟೋ ಸಲ 10 ನ್ಯೂಟನ್ ಮೀಟರ್ ಆಸುಪಾಸು, ಅಂದರೆ ಕೈಗೆ ಬಿಗಿಯಾಗಿದೆ ಅಂತ ಅನ್ನಿಸುವುದೇ ಇಲ್ಲ. ಆದರೂ 'ಇನ್ನೊಂಚೂರು' ಅಂತ ಎಳೆಯಬೇಡಿ, ಬಿರುಕು ಬಿಡುತ್ತದೆ. ಸಿಲಿಕಾನ್ ಮ್ಯಾನ್ಯುಯಲ್ ಹೇಳಿದ ಮೂಲೆಗಳಿಗೆ ಮಾತ್ರ.

ಬಿಚ್ಚೋ ಮೊದಲು ಟ್ರಿಮ್ ಅಂಕಿ ಇಲ್ಲಿ ಹಾಕಿ, ಐಡ್ಲಿಂಗ್‌ನದೂ 2500ರದೂ ಎರಡೂ. ಪಿಸಿವಿ ಮೊಣಕೈ ಕೆಳಗೆ ಒಂದ್ಸಲ ಬೆರಳು ಆಡಿಸಿ ನೋಡಿ, ಅಲ್ಲಿಗೇ ಮುಗಿದರೂ ಮುಗಿಯಬಹುದು.