ಬೈಗುಳದ ಚಿಂತೆ ಬಿಡಿ, ಪಕ್ಕದ ಪದ ಓದಿ

ಸಿನಿಮಾ ಮಂದಿರದಲ್ಲಿ ತೋರಿಸುವ ಫುಟ್‌ಬಾಲ್ ನಾಟಕಕ್ಕೆ ಹತ್ತು ವರ್ಷದ ಮಗಳನ್ನು ಕರೆದೊಯ್ಯಲೇ, ಹದಿನಾರರ ಅಕ್ಕನ ಜೊತೆ ಕಳುಹಿಸಲೇ, ಬೈಗುಳ ಕಲಿತಾಳೇ ಎಂದು ಕೇಳುತ್ತ ‘ಹೇಗೂ ಫುಟ್‌ಬಾಲ್ ತಾನೇ’ ಎಂದು ಬರೆದಿದ್ದೀರಲ್ಲ, ಆ ಮಾತು ನನ್ನದು. 2022ರಲ್ಲಿ ಅಕ್ಷರಶಃ ಅದನ್ನೇ ಹೇಳಿಕೊಂಡು ಟಿಕೆಟ್ ತೆಗೆದಿದ್ದೆ. ರಂಗದ ಮೇಲಿನ ಫುಟ್‌ಬಾಲ್ ನಾಟಕವನ್ನೇ ಕ್ಯಾಮೆರಾದಲ್ಲಿ ಹಿಡಿದ ಚಿತ್ರೀಕರಣ, ‘12ಎ’ ಎಂಬ ವಯೋಮಿತಿಯ ಮುದ್ರೆ, ಕೆಳಗೆ ಸಣ್ಣ ಅಕ್ಷರದಲ್ಲಿ ಒರಟು ಭಾಷೆ, ತಾರತಮ್ಯ ಎಂಬ ಎರಡು ಎಚ್ಚರಿಕೆ. ನಿಮ್ಮ ಹತ್ತು ವರ್ಷದ ಮಗಳು ಬೈಗುಳ ಕಲಿತುಬಿಟ್ಟಾಳೆಂಬ ಅಳುಕು ನಿಮ್ಮದು. ಎರಡನೆಯ ಪದದ ಬಗ್ಗೆ ನೀವು ಒಂದಕ್ಷರವನ್ನೂ ಕೇಳಿಲ್ಲ. ನಾನೂ ಕೇಳಿರಲಿಲ್ಲ.

ನಾನೂ ಬ್ರಿಟನ್ನಿನಲ್ಲೇ ಇರುವವನು. ಮಗನಿಗೆ ಆಗ ಹನ್ನೊಂದು. ಶಾಲೆಯ ತಂಡಕ್ಕೆ ಪೆನಾಲ್ಟಿ ಸಿಕ್ಕರೆ ಚೆಂಡು ಇವನ ಕೈಗೇ ಬರುತ್ತಿತ್ತು. ಅದೇ ನಾಟಕವನ್ನು ಹಿಂದೆ ನಾನೊಬ್ಬನೇ ರಂಗಮಂದಿರದಲ್ಲಿ ನೋಡಿದ್ದೆ. ಬಾಲ್ಕನಿಯ ಕೊನೆಯ ಸಾಲು, ಅಲ್ಲಿಂದ ನಟರು ಕಡ್ಡಿಗೊಂಬೆಗಳಷ್ಟೇ ಕಾಣುತ್ತಿದ್ದರು. ಕಪ್ಪು ಮೈಬಣ್ಣದ ಹುಡುಗನೊಬ್ಬ ಪೆನಾಲ್ಟಿ ತಪ್ಪಿಸುತ್ತಾನೆ, ಅವನು ನಡುವೆ ಒಬ್ಬನೇ ನಿಂತಿರುವಾಗ ಸುತ್ತಲ ಕತ್ತಲೆಯಿಂದ ಜನ ಕೂಗುತ್ತಾರೆ. ಮೇಲಿನಿಂದ ಅದು ನನಗೆ ಚೆಂದದ ದೃಶ್ಯ ಸಂಯೋಜನೆಯಾಗಿ ಕಂಡಿತ್ತು. ಏನು ಕೂಗಿದರೆಂಬುದು ಪೂರ್ತಿ ಕಿವಿಗೆ ಬಿದ್ದಿರಲೂ ಇಲ್ಲ.

ನನ್ನ ತಪ್ಪು ಇರುವುದು ಇಲ್ಲೇ, ಇದನ್ನು ಬಿಡಿಸಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಚಿತ್ರೀಕರಣ ತೆರೆಗೆ ಬಂದಾಗ ನಾನು ಎಚ್ಚರಿಕೆಯ ಸಾಲನ್ನು ಓದಲಿಲ್ಲ. ಸೋಮಾರಿತನದಿಂದಲ್ಲ, ‘ನೋಡಿದ್ದೇನಲ್ಲ’ ಎಂಬ ಧಿಮಾಕಿನಿಂದ. ಆದರೆ ನಾನು ನೋಡಿದ್ದು ನಾಟಕವನ್ನು, ಸಿನಿಮಾಗಳಿಗೆ ವಯೋಮಿತಿ ಕೊಡುವ ವರ್ಗೀಕರಣ ಮಂಡಳಿ ಬಿಬಿಎಫ್‌ಸಿಯವರು ನೋಡಿದ್ದು ತೆರೆಯ ಮೇಲಿನ ಚಿತ್ರವನ್ನು. ಈ ದೇಶದಲ್ಲಿ ನಾಟಕಕ್ಕೆ ವಯೋಮಿತಿಯ ಮುದ್ರೆಯೇ ಇಲ್ಲ. ನಾಟಕಗಳ ಮೇಲೆ ಲಾರ್ಡ್ ಚೇಂಬರ್ಲೇನ್ ಎಂಬ ಅರಮನೆಯ ಅಧಿಕಾರಿಗಿದ್ದ ಸೆನ್ಸಾರ್ ಅಧಿಕಾರ 1968ರ ಕಾಯ್ದೆಯೊಂದಿಗೆ ಮುಗಿಯಿತು. ‘ಇಷ್ಟು ವರ್ಷ ಮೇಲ್ಪಟ್ಟವರಿಗೆ ಸೂಕ್ತ’ ಎಂದು ರಂಗಮಂದಿರದವರು ಹಾಕುವುದು ಬರಿಯ ಸಲಹೆ. ಅದೇ ನಾಟಕ ಚಿತ್ರವಾಗಿ ಸಿನಿಮಾ ಮಂದಿರಕ್ಕೆ ಬಂದಾಗ ಬಿಬಿಎಫ್‌ಸಿಯ ಮುದ್ರೆ ಬೀಳುತ್ತದೆ. ನಾನು ಇದನ್ನು ಕಾಗದದ ವ್ಯತ್ಯಾಸ ಎಂದುಕೊಂಡಿದ್ದೆ. ಅಲ್ಲ. ಕ್ಯಾಮೆರಾ ಆ ಹುಡುಗನ ಮುಖದ ಮುಂದೆ, ಕೈಚಾಚಿದರೆ ಸಿಗುವಷ್ಟು ಹತ್ತಿರ ನಿಂತಿತ್ತು. ತೆರೆಯ ತುಂಬ ಒಂದೇ ಮುಖ. ಬಾಲ್ಕನಿಯಲ್ಲಿ ನನಗೆ ಗದ್ದಲವಾಗಿ ಕೇಳಿದ್ದು ಇಲ್ಲಿ ಎಡಬಲದ ಸ್ಪೀಕರುಗಳಿಂದ ಒಂದೊಂದೇ ಪದವಾಗಿ ಬಂತು, ಕಪ್ಪು ಆಟಗಾರರನ್ನು ಹೀಯಾಳಿಸುವ ಮಂಗನ ಕೂಗೂ ಸೇರಿ.

ಮಗ ನನ್ನ ಕಡೆ ತಿರುಗಲಿಲ್ಲ. ಕೈಯಲ್ಲಿದ್ದ ಕಾಗದದ ಲೋಟದ ಅಂಚನ್ನು ಉಗುರಿನಿಂದ ಹರಿಯುತ್ತ ಕುಳಿತ. ಮಧ್ಯಂತರದಲ್ಲಿ, “ಅಪ್ಪ, ನಾನು ತಪ್ಪಿಸಿದರೂ ಹೀಗೇ ಕೂಗುತ್ತಾರಾ?” ಎಂದ.

“ಛೇ, ಇದು ನಾಟಕ ಕಣೋ,” ಎಂದೆ.

ಅದು ಸುಳ್ಳೆಂದು ಅವನಿಗೂ ಗೊತ್ತಿತ್ತು. 2021ರ ಜುಲೈ 11ರಂದು ವೆಂಬ್ಲಿಯಲ್ಲಿ ಇಟಲಿಯ ಎದುರು ಇಂಗ್ಲೆಂಡ್ ಪೆನಾಲ್ಟಿಯಲ್ಲಿ ಸೋತ ಪಂದ್ಯವನ್ನು ನಾವಿಬ್ಬರೂ ಸೋಫಾದ ಮೇಲೆ ಕುಳಿತು ನೋಡಿದ್ದೆವು. ಇಂಗ್ಲೆಂಡಿನ ಕಪ್ಪು ಆಟಗಾರರಾದ ರಾಷ್‌ಫರ್ಡ್, ಸಾಂಚೊ, ಸಾಕಾ ಮೂವರೂ ತಪ್ಪಿಸಿದರು. ಸಾಮಾಜಿಕ ಜಾಲತಾಣಗಳಲ್ಲಿ ಅವರ ಮೇಲೆ ಸುರಿದ ಜನಾಂಗೀಯ ನಿಂದನೆಯನ್ನು ನಾನು ಮರುದಿನವೆಲ್ಲ ಮಗನ ಕಣ್ಣಿಗೆ ಬೀಳದಂತೆ ಬಚ್ಚಿಟ್ಟೆ. ಅವನಿಗೆ ಶಾಲೆಯಲ್ಲೇ ಎಲ್ಲ ತಿಳಿದಿತ್ತಂತೆ. ನಾನು ಒಂದೂ ಮಾತಾಡಲಿಲ್ಲವಾದ್ದರಿಂದ ಅಪ್ಪನ ಹತ್ತಿರ ಎತ್ತುವ ವಿಷಯವಲ್ಲ ಇದು ಎಂದುಕೊಂಡನಂತೆ. ನಾಟಕ ನೋಡಿ ಬಂದ ವಾರದ ಪಂದ್ಯದಲ್ಲಿ ಪೆನಾಲ್ಟಿ ಸಿಕ್ಕಾಗ ಚೆಂಡನ್ನು ಇನ್ನೊಬ್ಬನ ಕೈಗಿತ್ತು ಹಿಂದೆ ಸರಿದ.

ಬೈಗುಳವೋ? ಅದಕ್ಕೆ ಅವನು ನಕ್ಕ. ಒಂದೂ ಮನೆಗೆ ಬರಲಿಲ್ಲ. ಭಾನುವಾರದ ಮಕ್ಕಳ ಪಂದ್ಯದಲ್ಲಿ ಗೆರೆಯಾಚೆ ನಿಂತ ಅಪ್ಪಂದಿರ ಬಾಯಲ್ಲಿ ಅವನು ಕೇಳಿರುವುದರ ಮುಂದೆ ಆ ನಾಟಕ ದೇವರ ನಾಮ. 12ಎಯಲ್ಲಿ ಗಟ್ಟಿ ಬೈಗುಳ ಬಂದರೂ ಅಪರೂಪಕ್ಕೆ, ಪದೇ ಪದೇ ಬಂದರೆ ಚಿತ್ರ ಮುಂದಿನ ಮುದ್ರೆಯಾದ 15ಕ್ಕೆ ಹೋಗುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಮಗಳ ನಾಲಿಗೆಯ ಬಗ್ಗೆ ಕೇಳುತ್ತಿದ್ದೀರಿ, ಅವಳು ಆ ಮೈದಾನದಲ್ಲಿ ತನ್ನನ್ನು ಯಾರ ಜಾಗದಲ್ಲಿ ಇಟ್ಟು ನೋಡುತ್ತಾಳೆ ಎಂಬುದನ್ನು ಕೇಳಿ.

ಕರೆದುಕೊಂಡು ಹೋಗಬೇಡಿ ಎನ್ನುತ್ತಿಲ್ಲ. ಹೋಗಿ. ಮಂಡಳಿಯ ಜಾಲತಾಣದಲ್ಲಿ ಆ ಚಿತ್ರದ ಹೆಸರು ಹಾಕಿದರೆ ಎರಡು ಪದದ ಎಚ್ಚರಿಕೆಯ ವಿಸ್ತಾರವಾದ ವಿವರಣೆ ಸಿಗುತ್ತದೆ, ತಾರತಮ್ಯ ಎಂಬ ಶೀರ್ಷಿಕೆಯನ್ನು ಮೊದಲು ಓದಿ. ಕಥೆಯ ಗುಟ್ಟು ಬಯಲಾದರೆ ಆಗಲಿ. ಅಲ್ಲಿರುವುದನ್ನು ಹೊರಡುವ ಮೊದಲೇ ಮಗಳಿಗೆ ಹೇಳಿ, ಮಧ್ಯಂತರದಲ್ಲಿ ನನ್ನಂತೆ ತಡವರಿಸಬೇಡಿ. ಹದಿನಾರರ ಅಕ್ಕನ ಜೊತೆ ಕಳುಹಿಸುವ ಯೋಚನೆಯಂತೂ ಬೇಡವೇ ಬೇಡ. ಹನ್ನೆರಡು ತುಂಬದವರು 12ಎ ನೋಡಬೇಕಾದರೆ ಜೊತೆಗೆ ವಯಸ್ಕರಿರಬೇಕು, ಬಾಗಿಲಲ್ಲೇ ತಡೆಯುತ್ತಾರೆ. ಮುದ್ರೆ 15 ಆಗಿದ್ದರೆ ನೀವೇ ಜೊತೆಗಿದ್ದರೂ ಒಳಗೆ ಬಿಡುತ್ತಿರಲಿಲ್ಲ, ಈ ಪ್ರಶ್ನೆಯೂ ಹುಟ್ಟುತ್ತಿರಲಿಲ್ಲ. ಮನೆಯಲ್ಲಿ ನಿಲ್ಲಿಸಿ ನಿಲ್ಲಿಸಿ ತೋರಿಸಿ ಎಂದು ಯಾರಾದರೂ ಇಲ್ಲಿ ಬರೆಯಬಹುದು. ನನಗೆ ಅದು ಹಿಡಿಸದು, ಹಾಗೆ ನಿಲ್ಲಿಸುವವರು ಆ ದೃಶ್ಯ ಬಂದಾಗ ನಿಲ್ಲಿಸುವುದಿಲ್ಲ, ದಾಟಿಸಿಬಿಡುತ್ತಾರೆ.

ನಾವಿಬ್ಬರೂ ಆ ಮಾತನ್ನು ಕೊನೆಗೂ ಆಡಿದ್ದು ನಾಲ್ಕು ತಿಂಗಳ ನಂತರ, ಅಭ್ಯಾಸ ಮುಗಿಸಿ ಬರುವಾಗ ಕಾರಿನಲ್ಲಿ. ಈಗ ಅವನು ಗೋಲ್‌ಕೀಪರ್. ಯಾಕೆಂದು ಕೇಳಿದರೆ ಎತ್ತರ ಬಂದಿದೆ ಎನ್ನುತ್ತಾನೆ.