ಕಾದಂಬರಿ ಓದುವವರಿಗೆ ಕಾಮಿಕ್ಸ್ ರುಚಿ ಹತ್ತಿಸುವುದು ಹೇಗೆ?

ಸೂಪರ್‌ಹೀರೋಗಳಿಂದ ಮಾತ್ರ ಶುರು ಮಾಡಿಸಬೇಡಿ. ಬ್ಯಾಟ್‌ಮ್ಯಾನ್ 1939ರಿಂದ ಓಡುತ್ತಿರುವ ಕಥೆ. ಯಾವ ಸಂಚಿಕೆ ಹಿಡಿಯಬೇಕೆಂದು ಹುಡುಕುವಷ್ಟರಲ್ಲೇ ಹೊಸಬರಿಗೆ ಸಾಕೆನಿಸಿಬಿಡುತ್ತದೆ.

ನಿಮ್ಮ ಗೆಳತಿಗೆ ಆತ್ಮಕಥೆಗಳು ಇಷ್ಟ, ಆದರೆ ಕಾಮಿಕ್ಸ್ ಅಂದರೆ ಮಕ್ಕಳದ್ದು ಅಂತಾರೆ ಅಂದುಕೊಳ್ಳಿ. ಹಾಗಾದರೆ ಮರ್ಜಾನೆ ಸತ್ರಪಿಯ 'ಪರ್ಸೆಪೊಲಿಸ್' ಕೊಡಿ. 1979ರ ಇರಾನ್ ಕ್ರಾಂತಿಯ ಹೊತ್ತಿಗೆ ಟೆಹ್ರಾನಿನಲ್ಲಿ ಬೆಳೆದ ಹುಡುಗಿಯ ಕಥೆ, ಲೇಖಕಿಯದೇ, ಪೂರ್ತಿ ಕಪ್ಪು-ಬಿಳುಪಿನಲ್ಲಿ. ನಾಜಿ ಶಿಬಿರಗಳ ಕಥೆ ಹೇಳುವ, 1992ರಲ್ಲಿ ಪುಲಿಟ್ಜರ್ ಪಡೆದ 'ಮೌಸ್' ಆಮೇಲೆ ಇರಲಿ. ಅದು ಮನಸ್ಸಿಗೆ ತುಂಬ ಭಾರ.

ಇನ್ನೊಂದು ತೊಡಕಿದೆ. ಕಾದಂಬರಿ ಓದುವವರು ಮಾತಿನ ಗುಳ್ಳೆಗಳನ್ನಷ್ಟೇ ಓದಿ, ಚಿತ್ರ ದಾಟಿ, ಅರ್ಧ ಗಂಟೆಯಲ್ಲಿ ಮುಗಿಸಿ "ಇಷ್ಟೇನಾ?" ಅಂತಾರೆ. ಒಂದು ಪುಟವನ್ನು ಜೊತೆಗೆ ಕೂತು ನೋಡಿ. 'ಟಿನ್‌ಟಿನ್ ಇನ್ ಟಿಬೆಟ್' ಶುರುವಿನಲ್ಲೇ, ಹೋಟೆಲಿನಲ್ಲಿ ಚೆಸ್ ಆಡುತ್ತಾ ತೂಕಡಿಸಿದ ಟಿನ್‌ಟಿನ್ ನಿದ್ದೆಗಣ್ಣಲ್ಲಿ ಗೆಳೆಯನ ಹೆಸರು ಹಿಡಿದು "ಚಾಂಗ್!" ಎಂದು ಕಿರುಚುತ್ತಾನೆ. ಇಡೀ ಕೋಣೆ ಬೆಚ್ಚಿಬೀಳುವ ಆ ದೊಡ್ಡ ಚೌಕದಲ್ಲಿ ಓದುವುದಕ್ಕೆ ಇರುವುದು ಒಂದೇ ಪದ, ನೋಡುವುದಕ್ಕೆ ಬೇಕಾದಷ್ಟು. ಯಾರು ಹೇಗೆ ಹೌಹಾರಿದ್ದಾರೆಂದು ಒಬ್ಬೊಬ್ಬರನ್ನೇ ಹುಡುಕಲಿ.

ಅಮರ ಚಿತ್ರಕಥೆ ಓದಿ ಬೆಳೆದವರಾದರೆ (ಅದನ್ನು ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದವರೇ) ಚೌಕದಿಂದ ಚೌಕಕ್ಕೆ ಹೋಗುವುದನ್ನು ಹೇಳಿಕೊಡಬೇಕಿಲ್ಲ. ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್, ಕೊಟ್ಟರೆ ಮಾತ್ರ ಬಲದಿಂದ ಎಡಕ್ಕೆ ಓದಬೇಕೆಂದು ಮೊದಲೇ ಹೇಳಿಬಿಡಿ.