ರಾತ್ರಿ ನಿಂತ ಗಾಡಿ ಬೆಳಿಗ್ಗೆ ಕೂತಿರುತ್ತದೆ, ಏನು ಮಾಡಲಿ?

ಈ ಸಲ ಬಂದ ಪ್ರಶ್ನೆಗಳಲ್ಲಿ ಏರ್ ಸಸ್ಪೆನ್ಷನ್ ಬಗ್ಗೆಯೇ ಜಾಸ್ತಿ, ಹಾಗಾಗಿ ಇಡೀ ಅಂಕಣ ಅದಕ್ಕೇ ಬಿಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬ್ಯಾಗ್ ಅಂದರೆ ಚಕ್ರದ ಹತ್ತಿರ ಕೂತು ಗಾಡಿಯ ಭಾರ ಹೊರುವ ರಬ್ಬರ್ ಚೀಲ. ಸ್ಟೀರಿಂಗ್ ಒಳಗಿನ ಏರ್‌ಬ್ಯಾಗ್ ಅಲ್ಲ. ಹೋದ ಸಲ ಇದೇ ಗೊಂದಲದಲ್ಲಿ ಒಬ್ಬರು ಗಾಬರಿಯಾಗಿ ಬರೆದಿದ್ದರು.

ಪ್ರಶ್ನೆ: ನನ್ನದು ಹಳೆಯ ಆಫ್‌ರೋಡ್ ಗಾಡಿ, ನಾಲ್ಕೂ ಕಡೆ ಏರ್ ಸಸ್ಪೆನ್ಷನ್. ಸಂಜೆ ನಿಲ್ಲಿಸುವಾಗ ಸರಿಯಾಗೇ ಇರುತ್ತದೆ. ಬೆಳಿಗ್ಗೆ ನೋಡಿದರೆ ನಾಲ್ಕೂ ಮೂಲೆ ಕೆಳಗೆ ಕೂತಿರುತ್ತವೆ. ಸ್ಟಾರ್ಟ್ ಮಾಡಿದ ಮೇಲೆ ಕಂಪ್ರೆಸರ್ ತುಂಬಾ ಹೊತ್ತು ಓಡಿ ಮೇಲೆತ್ತುತ್ತದೆ. ನಾಲ್ಕು ಬ್ಯಾಗ್, ಜೊತೆಗೆ ಕಂಪ್ರೆಸರ್, ಎಲ್ಲಾ ಬದಲಾಯಿಸಬೇಕು ಅಂತಾರೆ. ನಿಜಾನಾ ಸರ್?

ಉತ್ತರ: ನಾಲ್ಕೂ ಬ್ಯಾಗ್ ಒಟ್ಟಿಗೆ, ಒಂದೇ ಸಮನಾಗಿ ಸೋರುವುದು ಅಪರೂಪ. ಹೆಚ್ಚಾಗಿ ಒಂದು ಸೋರುತ್ತಿರುತ್ತದೆ, ಉಳಿದ ಮೂರನ್ನು ಗಾಡಿಯೇ ಇಳಿಸಿರುತ್ತದೆ. ಹೇಗೆ ಅಂದರೆ, ನಿಂತ ಗಾಡಿಯಲ್ಲೂ ಸಸ್ಪೆನ್ಷನ್ ಕಂಪ್ಯೂಟರ್ ಆಗಾಗ ಎದ್ದು ನಾಲ್ಕೂ ಮೂಲೆಯ ಎತ್ತರ ನೋಡುತ್ತದೆ. 1994ರಲ್ಲಿ ಬಂದ ಎರಡನೇ ತಲೆಮಾರಿನ ರೇಂಜ್ ರೋವರ್‌ನಲ್ಲಿ ಇದು ಸುಮಾರು 6 ಗಂಟೆಗೊಮ್ಮೆ ನಡೆಯುತ್ತದೆ. ಒಂದು ಮೂಲೆ ತಗ್ಗಿದ್ದರೆ ಅದನ್ನು ಎತ್ತಲು ಆಗುವುದಿಲ್ಲ, ಎಂಜಿನ್ ಆಫ್ ಆಗಿದೆಯಲ್ಲ. ಆದ್ದರಿಂದ ಗಾಡಿ ಮಟ್ಟವಾಗಿರಲಿ ಅಂತ ಉಳಿದ ಮೂರರ ಗಾಳಿ ಬಿಟ್ಟು ಅದರ ಸಮಕ್ಕೆ ಇಳಿಸುತ್ತದೆ. ಬೆಳಿಗ್ಗೆ ನಮಗೆ ಕಾಣುವುದು ನಾಲ್ಕೂ ಕೂತ ಗಾಡಿ. ತಪ್ಪು ಮಾಡಿದ್ದು ಒಂದು, ಶಿಕ್ಷೆ ನಾಲ್ಕಕ್ಕೂ.

ಕಳ್ಳನನ್ನು ಹಿಡಿಯುವುದು ಸುಲಭ. ಸಂಜೆ ಗಾಡಿಯನ್ನು ಮಟ್ಟ ನೆಲದಲ್ಲಿ ನಿಲ್ಲಿಸಿ, ಮಾಮೂಲು ಎತ್ತರದಲ್ಲಿಟ್ಟು, ಆಫ್ ಮಾಡಿ, ಸಸ್ಪೆನ್ಷನ್ ಕಂಪ್ಯೂಟರಿನ ಫ್ಯೂಸ್ ತೆಗೆದುಬಿಡಿ. ಈಗ ಅದು ರಾತ್ರಿ ಎದ್ದು ಕೈಯಾಡಿಸಲಾರದು. ಪ್ರತಿ ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳತೆ ಬರೆದಿಡಿ. ಬೆಳಿಗ್ಗೆ ಮತ್ತೆ ಅಳೆಯಿರಿ. ರಾತ್ರಿ ತಣ್ಣಗಾದರೆ ಒಳಗಿನ ಗಾಳಿ ಕುಗ್ಗುತ್ತದೆ, ನಾಲ್ಕೂ ಕಡೆ ಕೆಲವು ಮಿಲಿಮೀಟರ್ ಇಳಿದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಮೂಲೆ ಕುಸಿದಿದ್ದರೆ ಆ ಬ್ಯಾಗ್ ಅಥವಾ ಅದರ ಪೈಪು. ಒಂದು ಆಕ್ಸಲ್‌ನ ಎರಡೂ ಕಡೆ ಸಮನಾಗಿ ಇಳಿದಿದ್ದರೆ ವಾಲ್ವ್ ಬ್ಲಾಕ್ ಮೇಲೆ, ಅಂದರೆ ಬ್ಯಾಗುಗಳಿಗೆ ಗಾಳಿ ಹಂಚುವ ವಾಲ್ವ್‌ಗಳ ಪೆಟ್ಟಿಗೆಯ ಮೇಲೆ, ಅನುಮಾನ ಪಡಿ. ಅದರೊಳಗಿನ ಸಣ್ಣ ರಬ್ಬರ್ ಉಂಗುರಗಳು (ಓ-ರಿಂಗ್‌ಗಳು) ಗಟ್ಟಿಯಾಗಿಬಿಟ್ಟಿರುತ್ತವೆ.

ಆಮೇಲೆ ಸೋಪು ನೀರು. ಬ್ಯಾಗಿನ ಕೆಳತುದಿಯಲ್ಲಿ ರಬ್ಬರು ಒಳಕ್ಕೆ ಮಡಚಿಕೊಂಡು ಪಿಸ್ಟನ್ (ಬ್ಯಾಗಿನ ಗಟ್ಟಿ ಬುಡ) ಮೇಲೆ ಉರುಳುವ ಜಾಗ ಇದೆ ನೋಡಿ, ಬಿರುಕು ಬಿಡುವುದು ಹೆಚ್ಚಾಗಿ ಅಲ್ಲೇ. ದೊಡ್ಡ ಗುಳ್ಳೆ ಬರುತ್ತದೆ ಅಂತ ಕಾಯಬೇಡಿ. ಸೂಜಿಮೊನೆಯಷ್ಟು ಬಿಳಿ ಚುಕ್ಕಿ ಕಾಣುತ್ತದೆ, ಅರ್ಧ ನಿಮಿಷ ಕಣ್ಣಿಟ್ಟರೆ ಅದು ನಿಧಾನಕ್ಕೆ ಬೆಳೆದು ಹತ್ತಿಯ ಹಾಗೆ ನೊರೆಯಾಗುತ್ತದೆ. ಅದೇ ಸೋರಿಕೆ. ಮಾಮೂಲು ಎತ್ತರದಲ್ಲಿ ಏನೂ ಸಿಗದಿದ್ದರೆ ಗಾಡಿಯನ್ನು ಪೂರ್ತಿ ಮೇಲೆತ್ತಿ ಮತ್ತೆ ನೋಡಿ, ಎತ್ತರ ಬದಲಾದಂತೆ ಮಡಿಕೆಯ ಜಾಗವೂ ಬದಲಾಗುತ್ತದೆ. ಎಷ್ಟೋ ಬ್ಯಾಗುಗಳು ಒಂದು ಎತ್ತರದಲ್ಲಿ ಸೋರುತ್ತವೆ, ಇನ್ನೊಂದರಲ್ಲಿ ಸುಮ್ನಿರುತ್ತವೆ. ಇದನ್ನೆಲ್ಲ ಚಕ್ರದ ಪಕ್ಕದಿಂದಲೇ ನೋಡಿ. ಬರೀ ಗಾಳಿಯ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ.

ಇನ್ನು ಕಂಪ್ರೆಸರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಗಬಾರದು. ಬ್ಯಾಗ್ ಸೋರುತ್ತಿದ್ದರೆ ಪಾಪ ಕಂಪ್ರೆಸರ್ ಮತ್ತೆ ಮತ್ತೆ ಓಡಿ ಬಿಸಿಯಾಗುತ್ತದೆ, ಅದರ ಪಿಸ್ಟನ್ ರಿಂಗ್ ಸವೆಯುತ್ತದೆ. ಬ್ಯಾಗ್ ಮುಟ್ಟದೆ ಹೊಸ ಕಂಪ್ರೆಸರ್ ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೂ ಎತ್ತಲು ಒದ್ದಾಡಿದರೆ ಕಂಪ್ರೆಸರ್ ಕಡೆ ನೋಡಿ. ಪೈಪಿನ ತುದಿಯಲ್ಲಿ ಬಿಳಿ ಪುಡಿ ಕಂಡರೆ ಮಾತ್ರ ತಡ ಮಾಡಬೇಡಿ. ಗಾಳಿಯ ತೇವ ಹೀರುವ ಡ್ರೈಯರ್‌ನ ಕಾಳುಗಳು ಪುಡಿಯಾಗಿವೆ ಅಂತ ಅರ್ಥ, ಆ ಪುಡಿ ವಾಲ್ವ್ ಬ್ಲಾಕ್ ಒಳಗೆ ಹೋದರೆ ಇನ್ನೊಂದು ತಲೆನೋವು.

ಪ್ರಶ್ನೆ: ಸೋರುವ ಬ್ಯಾಗ್ ಯಾವುದು ಅಂತ ಗೊತ್ತಾಗಿದೆ. ಮನೆಯಲ್ಲೇ ಬದಲಾಯಿಸಬಹುದಾ? ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್ ಎಲ್ಲ ನಾನೇ ಬದಲಾಯಿಸಿ ಅಭ್ಯಾಸ ಇದೆ.

ಉತ್ತರ: ಅಷ್ಟು ಕೈ ಪಳಗಿದ್ದರೆ ಖಂಡಿತ ಆಗುತ್ತದೆ. ಆದರೆ ನಿಮ್ಮ ಗಾಡಿ ಯಾವ ಜಾತಿಯದು ಅಂತ ಮೊದಲು ನೋಡಿಕೊಳ್ಳಿ. ಕೆಲವಲ್ಲಿ ಬ್ಯಾಗ್ ಬೇರೆ, ಶಾಕ್ ಬೇರೆ. ನಾನು ಹೇಳಿದ ಆ ರೇಂಜ್ ರೋವರ್ ಹಾಗೇ ಇದೆ, ಕ್ಲಿಪ್ಪು ಪಿನ್ನು ತೆಗೆದರೆ ಬ್ಯಾಗ್ ಕೈಗೆ ಬರುತ್ತದೆ. 2004ರಲ್ಲಿ ಬಂದ ಡಿಸ್ಕವರಿ 3ರಂಥವುಗಳಲ್ಲಿ ಶಾಕ್ ಸುತ್ತಲೇ ಬ್ಯಾಗ್ ಇರುತ್ತದೆ, ಇಡೀ ಸ್ಟ್ರಟ್ ಬಿಚ್ಚಬೇಕು, ದೊಡ್ಡ ಬೋಲ್ಟುಗಳು, ತುಕ್ಕು, ಅರ್ಧ ದಿನದ ಬೆವರು. ಮೂರನೆಯ ಜಾತಿಯೂ ಇದೆ: 2011ರ ಮಾದರಿಯಿಂದ ಜೀಪ್ ಗ್ರ್ಯಾಂಡ್ ಚೆರೋಕಿಯಲ್ಲಿ ಬಂದದ್ದು ಪೂರ್ತಿ ಮುಚ್ಚಿದ ವ್ಯವಸ್ಥೆ, ಒಳಗೆ ತುಂಬಿರುವುದು ನೈಟ್ರೋಜನ್. ಅದನ್ನು ಮನೆಯಲ್ಲಿ ಬಿಚ್ಚಬೇಡಿ, ವಾಪಸ್ ಸರಿಯಾಗಿ ತುಂಬಲು ಬೇರೆ ಸಲಕರಣೆ ಬೇಕು.

ಬೇಕಾಗುವುದು ಇಷ್ಟು: ಗಟ್ಟಿ ಮಟ್ಟ ನೆಲ, ಎರಡು ಜಾಕ್, ಒಳ್ಳೆ ಸ್ಟ್ಯಾಂಡುಗಳು, ಟಾರ್ಕ್ ರೆಂಚ್, ಕಣ್ಣಿಗೆ ಕನ್ನಡಕ, ಸೋಪು ನೀರು. ನಿಮ್ಮ ಮಾದರಿಗೆ ಆಗುವ ಸ್ಕ್ಯಾನರ್, ಅಂದರೆ ಗಾಡಿಯ ಕಂಪ್ಯೂಟರಿಗೆ ಜೋಡಿಸಿ ಆದೇಶ ಕೊಡುವ ಉಪಕರಣ, ಯಾರ ಹತ್ತಿರವಾದರೂ ಸಿಕ್ಕಿದರೆ ಕೇಳಿ ತಂದಿಟ್ಟುಕೊಳ್ಳಿ, ಅರ್ಧ ಕಷ್ಟ ಕಡಿಮೆಯಾಗುತ್ತದೆ.

ಜಾಕ್ ಹಾಕುವ ಮುಂಚೆ ಸಸ್ಪೆನ್ಷನ್‌ನ ಫ್ಯೂಸ್ ತೆಗೆಯಿರಿ. ಇದನ್ನು ಮರೆಯುವವರು ಬಹಳ. ಚಕ್ರ ನೇತಾಡಿದ ಕೂಡಲೇ ಸೆನ್ಸರ್‌ಗೆ 'ಗಾಡಿ ತುಂಬಾ ಮೇಲಿದೆ' ಅಂತ ಕಾಣುತ್ತದೆ, ಕಂಪ್ಯೂಟರ್ ಗಾಳಿ ಬಿಡಲು ಶುರು ಮಾಡುತ್ತದೆ. ನೀವು ಎತ್ತುತ್ತಿರುತ್ತೀರಿ, ಅದು ಇಳಿಸುತ್ತಿರುತ್ತದೆ. ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಗಾಡಿ ಎತ್ತಿ, ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೇ ಸ್ಟ್ಯಾಂಡ್ ಕೊಡಿ. ಎರಡನೇ ಜಾಕ್ ಆಕ್ಸಲ್ ಅಥವಾ ಕೆಳತೋಳಿನ ಕೆಳಗಿರಲಿ, ಇಲ್ಲದಿದ್ದರೆ ಎಲ್ಲ ಬಿಚ್ಚಿದ ಮೇಲೆ ಭಾರ ಬ್ರೇಕ್ ಹೋಸ್ ಮೇಲೆ, ಎಬಿಎಸ್ ವೈರಿನ ಮೇಲೆ ಜಗ್ಗುತ್ತದೆ.

ಈಗ ಗಾಳಿ ಬಿಡುವುದು. ಒಂದು ಲೆಕ್ಕ ನೋಡಿ. ಒಂದು ಮೂಲೆಯ ಮೇಲೆ 600 ಕೆ.ಜಿ. ಭಾರ, ಅದನ್ನು ಹೊರುವ ಬ್ಯಾಗಿನ ಅಡ್ಡಳತೆ 12 ಸೆಂ.ಮೀ. ಅಂದುಕೊಂಡರೆ ಒಳಗಿನ ಒತ್ತಡ 5 ಬಾರ್ ದಾಟುತ್ತದೆ, ಅಂದರೆ ಟೈರಿಗೆ ಹಾಕುವ ಗಾಳಿಯ ಎರಡರಷ್ಟಕ್ಕೂ ಮೇಲೆ. ಗಾಳಿ ಕೂಡಿಡುವ ಟ್ಯಾಂಕಿನಲ್ಲಿ ಇನ್ನೂ ಜಾಸ್ತಿ. ಸ್ಕ್ಯಾನರ್ ಇದ್ದರೆ ಅದರಿಂದಲೇ ಆ ಮೂಲೆಯ ಗಾಳಿ ಬಿಡಿಸಿ. ಇಲ್ಲದಿದ್ದರೆ ಕನ್ನಡಕ ಹಾಕಿಕೊಂಡು, ಪೈಪಿನ ನಟ್ಟನ್ನು ಕಾಲು ಸುತ್ತು ಮಾತ್ರ ಸಡಿಲಿಸಿ, ಬುಸ್ ಅನ್ನುವ ಸದ್ದು ಪೂರ್ತಿ ನಿಲ್ಲುವವರೆಗೆ ಕೈ ಕಟ್ಟಿಕೊಂಡು ಕೂತಿರಿ. ಬೇಸರ ಅಂತ ಇನ್ನೊಂದು ಸುತ್ತು ತಿರುಗಿಸಬೇಡಿ. ಸದ್ದು ನಿಂತ ಮೇಲೂ ಕೆಲವು ಸ್ಟ್ರಟ್‌ಗಳಲ್ಲಿ ಸ್ವಲ್ಪ ಗಾಳಿ ಉಳಿದಿರುತ್ತದೆ, ಬೇಕೆಂದೇ ಹಾಗೆ ಮಾಡಿರುತ್ತಾರೆ.

ಪೈಪು ಬಿಚ್ಚುವ ಮುಂಚೆ ಸುತ್ತಲಿನ ಮಣ್ಣು ಒರೆಸಿ ತೆಗೆಯಿರಿ. ಒಂದು ಮರಳಿನ ಕಾಳು ಒಳಗೆ ಹೋದರೂ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದ ಹಾಗೆ ಮಾಡುತ್ತದೆ. ಒತ್ತಿ ಸಿಕ್ಕಿಸುವ ಜಾತಿಯಾದರೆ ಕಾಲರನ್ನು ಎರಡೂ ಕಡೆ ಸಮನಾಗಿ ಒಳಕ್ಕೆ ಒತ್ತಿ, ಪೈಪನ್ನು ನೇರವಾಗಿ ಎಳೆಯಿರಿ. ಹೊರಬಂದ ತುದಿಯ ಮೇಲೆ ಬೆರಳು ಸವರಿ ನೋಡಿ, ಫಿಟ್ಟಿಂಗ್ ಒಳಗಿನ ಹಲ್ಲುಗಳು ಕಚ್ಚಿದ ಹಳೆಯ ಗೀರುಗಳು ಉಗುರಿಗೆ ಸಿಗುತ್ತವೆ. ಹೊಸ ಓ-ರಿಂಗ್ ಹಾಕಿದರೂ ಗಾಳಿ ಆ ಗೀರಿನಲ್ಲೇ ದಾರಿ ಮಾಡಿಕೊಳ್ಳುತ್ತದೆ. ಪೈಪು ಉದ್ದ ಸಾಕಷ್ಟಿದ್ದರೆ ಆ ತುಂಡನ್ನು ಹೊಸ ಬ್ಲೇಡಿನಿಂದ ನೇರವಾಗಿ ಕತ್ತರಿಸಿ ತೆಗೆಯಿರಿ, ಓರೆಯಾಗಬಾರದು. ಹಳೆಯದು ಎಷ್ಟು ಒಳಗೆ ಹೋಗಿತ್ತೋ ಅಷ್ಟಕ್ಕೆ ಮಾರ್ಕರ್‌ನಿಂದ ಗುರುತು ಹಾಕಿಕೊಳ್ಳಿ. ಹಿತ್ತಾಳೆ ನಟ್ಟಿನ ಜಾತಿಯಾದರೆ ಹೊಸ ಸ್ಟ್ರಟ್ ಜೊತೆ ಬಂದ ಹೊಸ ಫಿಟ್ಟಿಂಗನ್ನೇ ಹಾಕಿ.

ಬಿಚ್ಚುವುದು, ಕೂರಿಸುವುದು ಬರೀ ಸ್ಪ್ಯಾನರ್ ಕೆಲಸ, ಅದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಬ್ಯಾಗ್ ತಿರುಚಿಕೊಂಡಿಲ್ಲ ಅಂತ ಮಾತ್ರ ನೋಡಿಕೊಳ್ಳಿ. ರಬ್ಬರಿನ ಮೇಲಿನ ಅಚ್ಚಿನ ಗೆರೆ ಮೇಲಿಂದ ಕೆಳಗೆ ನೇರವಾಗಿರಬೇಕು.

ಕೆಲಸ ಕೆಡುವುದು ಇದಾದ ಮೇಲೆ. ಹೊಸ ಬ್ಯಾಗ್ ಕೂತಿತು ಅಂತ ಖುಷಿಯಲ್ಲಿ ಜಾಕ್ ಇಳಿಸಿಬಿಡುತ್ತಾರೆ. ನಾನೂ ಒಂದು ಸಲ ಇಳಿಸಿದ್ದೆ. ಖಾಲಿ ಬ್ಯಾಗ್ ಭಾರಕ್ಕೆ ಮಡಿಕೆ ತಪ್ಪಿ, ಪಿಸ್ಟನ್ನಿಗೂ ಮೇಲಿನ ತಟ್ಟೆಗೂ ನಡುವೆ ತುಟಿ ಕಚ್ಚಿಕೊಂಡ ಹಾಗೆ ಸಿಕ್ಕಿಕೊಂಡಿತು. ಆಮೇಲೆ ಗಾಳಿ ತುಂಬಿದಾಗ ಬಿಡಿಸಿಕೊಂಡಿತು ನಿಜ, ಆದರೆ ಆ ಗೆರೆಯಲ್ಲೇ ಎರಡು ವಾರಕ್ಕೆ ಸೋರಲು ಶುರು. ಮೊದಲು ಗಾಳಿ, ಆಮೇಲೆ ಭಾರ. ಈ ಕ್ರಮ ತಲೆಕೆಳಗಾಗಬಾರದು.

ಸ್ಕ್ಯಾನರ್ ಇದ್ದರೆ ಸ್ಟ್ಯಾಂಡ್ ಮೇಲಿದ್ದಾಗಲೇ ಆ ಮೂಲೆಗೆ ಗಾಳಿ ತುಂಬಿಸಬಹುದು. ಇಲ್ಲದವರಿಗೆ ಒಂದು ಉಪಾಯ ಇದೆ. ಚಕ್ರ ನೇತಾಡುತ್ತಿದ್ದರೆ ಕಂಪ್ಯೂಟರ್ ಗಾಳಿ ಕೊಡುವುದೇ ಇಲ್ಲ, ಅದರ ಲೆಕ್ಕದಲ್ಲಿ ಗಾಡಿ ಆಗಲೇ ಮೇಲಿದೆಯಲ್ಲ. ಆದ್ದರಿಂದ ಗಾಡಿ ಸ್ಟ್ಯಾಂಡಿನ ಮೇಲೇ ಇರಲಿ, ಎರಡನೇ ಜಾಕಿನಿಂದ ಆಕ್ಸಲನ್ನು ನಿಧಾನಕ್ಕೆ ಮೇಲೆತ್ತುತ್ತಾ, ಬ್ಯಾಗಿನ ಮಡಿಕೆ ಪಿಸ್ಟನ್ ಸುತ್ತ ಸರಿಯಾಗಿ ಉರುಳುತ್ತಿದೆಯಾ ಅಂತ ನೋಡುತ್ತಾ, ಮಾಮೂಲು ಎತ್ತರಕ್ಕಿಂತ ತುಸು ಗಿಡ್ಡಕ್ಕೆ ತನ್ನಿ. ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ. ಈ ಮೂಲೆ ತಗ್ಗಿದೆ ಅಂದುಕೊಂಡು ಅದೇ ಗಾಳಿ ತುಂಬುತ್ತದೆ, ಭಾರ ಮಾತ್ರ ಇನ್ನೂ ಸ್ಟ್ಯಾಂಡಿನ ಮೇಲೇ ಇರುತ್ತದೆ. ಹ್ಯಾಂಡ್ ಬ್ರೇಕ್ ಹಾಕಿರಲಿ, ಗೇರ್ ಪಾರ್ಕ್ ಅಥವಾ ನ್ಯೂಟ್ರಲ್, ಕೆಳಗೆ ಯಾರೂ ಇರಬಾರದು, ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬಾರದು. ಬ್ಯಾಗ್ ಉಬ್ಬಿ ಗಟ್ಟಿಯಾದ ಮೇಲೆ ಆಫ್ ಮಾಡಿ, ಸೋಪು ನೀರಿನಿಂದ ಫಿಟ್ಟಿಂಗ್ ನೋಡಿ, ಆಮೇಲೆ ಚಕ್ರ ಹಾಕಿ ಇಳಿಸಿ.

ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಪೂರ್ತಿ ಬಿಗಿ ಮಾಡುವುದು ಗಾಡಿ ಮಾಮೂಲು ಎತ್ತರದಲ್ಲಿದ್ದಾಗ. ನೇತಾಡುವಾಗಲೇ ಬಿಗಿ ಮಾಡಿದರೆ ಇಳಿಸಿದ ಮೇಲೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಟಾರ್ಕ್ ಎಷ್ಟು ಅನ್ನುವುದು ನಿಮ್ಮ ಮಾದರಿಯ ಕೈಪಿಡಿಯಲ್ಲಿ ಇರುತ್ತದೆ, ಅಂದಾಜು ಬೇಡ. ಸ್ಟ್ರಟ್ ತೆಗೆಯಲು ಮೇಲಿನ ತೋಳು ಬಿಚ್ಚಿದ್ದರೆ ಅಲೈನ್‌ಮೆಂಟ್ ನೋಡಿಸಿ.

ಪ್ರಶ್ನೆ: ಒಂದೇ ಬ್ಯಾಗ್ ಸೋರುತ್ತಿದ್ದರೆ ಒಂದನ್ನೇ ಹಾಕಿದರೆ ಸಾಲದಾ?

ಉತ್ತರ: ಗಾಡಿ ಓಡುತ್ತದೆ. ಆದರೆ ಇನ್ನೊಂದೂ ಅಷ್ಟೇ ವಯಸ್ಸಿನದು, ಅಷ್ಟೇ ಮಣ್ಣು ತಿಂದದ್ದು. ಹೇಗೂ ಸಲಕರಣೆ ಹರಡಿಕೊಂಡಿದ್ದೀರಿ, ಆಕ್ಸಲ್‌ಗೆ ಜೋಡಿಯಾಗಿ ಹಾಕಿಬಿಡಿ.

ಪ್ರಶ್ನೆ: ಟೈರಿಗೆ ಹಾಕುವ ಪಂಕ್ಚರ್ ದ್ರವವನ್ನು ಬ್ಯಾಗಿಗೆ ಹಾಕಬಹುದಾ?

ಉತ್ತರ: ಬೇಡ. ಆ ದ್ರವ ಬ್ಯಾಗಿನಲ್ಲೇ ಇರುವುದಿಲ್ಲ. ಗಾಡಿ ಇಳಿಯುವಾಗ ಗಾಳಿಯ ಜೊತೆ ವಾಲ್ವ್ ಬ್ಲಾಕಿಗೆ ಹೋಗಿ ಅಲ್ಲೇ ಅಂಟಿಕೊಳ್ಳುತ್ತದೆ.

ಪ್ರಶ್ನೆ: ಸ್ನೇಹಿತರೆಲ್ಲ ಈ ಗಾಳಿ ಸಹವಾಸವೇ ಬೇಡ, ಕಾಯಿಲ್ ಸ್ಪ್ರಿಂಗ್ ಹಾಕಿಸಿಬಿಡು ಅಂತಾರೆ. ನೀವೇನಂತೀರಿ?

ಉತ್ತರ: ಅವರು ಹೇಳುವುದರಲ್ಲಿ ಅರ್ಧ ನಿಜ ಇದೆ. ಕಾಯಿಲ್ ಸೋರುವುದಿಲ್ಲ, ಊರಿಂದ ದೂರ ಹೋದಾಗ ಕೈ ಕೊಡುವುದು ಕಡಿಮೆ. ಆದರೆ ಗಾಡಿ ಒಂದೇ ಎತ್ತರಕ್ಕೆ ಕಟ್ಟುಬೀಳುತ್ತದೆ. ಬಂಡೆ ಬಂದಾಗ ಏಳುವುದೂ ಇಲ್ಲ, ಹೆದ್ದಾರಿಯಲ್ಲಿ ಇಳಿಯುವುದೂ ಇಲ್ಲ, ಹಿಂದೆ ಸಾಮಾನು ತುಂಬಿದರೆ ಬಾಲ ಇಳಿಬಿಡುತ್ತದೆ. ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪವನ್ನು ಸುಮ್ಮನಾಗಿಸುವುದೇ ಇನ್ನೊಂದು ಕೆಲಸ. ಬ್ಯಾಗ್ ಮಾತ್ರ ಹೋಗಿದ್ದರೆ ನಾನು ಬ್ಯಾಗೇ ಹಾಕುತ್ತೇನೆ. ಬ್ಯಾಗು, ಕಂಪ್ರೆಸರು, ವಾಲ್ವ್ ಬ್ಲಾಕು ಎಲ್ಲವೂ ಕೈ ಎತ್ತಿ, ಗಾಡಿಯೂ ಹಳೆಯದಾಗಿದ್ದರೆ ಕಾಯಿಲ್ ಹಾಕಿಸಿದವರನ್ನು ತಪ್ಪು ಅನ್ನಲಾರೆ.

ಪ್ರಶ್ನೆ: ಹೊಸ ಬ್ಯಾಗ್ ಹಾಕಿ ವರ್ಷ ಆಗಿಲ್ಲ, ಮತ್ತೆ ಸೋರಿಕೆ. ಕೆಸರು, ಹೊಳೆ ಅಂತ ತುಂಬಾ ಓಡಾಡುತ್ತೇನೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಕೊಳ್ಳುವಾಗ ತಯಾರಾದ ತಾರೀಖು ನೋಡಿದ್ರಾ? ರಬ್ಬರಿಗೆ ಓಡಿದ ಕಿಲೋಮೀಟರಿನಷ್ಟೇ ವಯಸ್ಸೂ ಮುಖ್ಯ. ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಕೂತ ಬ್ಯಾಗ್ ಹೊಸದಲ್ಲ. ತಾರೀಖು ಸರಿಯಿದ್ದರೆ ನನ್ನ ಅನುಮಾನ ಕೆಸರಿನ ಮೇಲೆ. ನಾನು ಹೇಳಿದ ಆ ಮಡಿಕೆಯಲ್ಲಿ ಕೆಸರು ಕೂತು ಒಣಗಿದರೆ ಪ್ರತಿ ಏರಿಳಿತಕ್ಕೂ ಉಪ್ಪುಕಾಗದ ಉಜ್ಜಿದ ಹಾಗೆ ಆಗುತ್ತದೆ. ಮನೆಗೆ ಬಂದ ದಿನವೇ, ಒಣಗುವ ಮುಂಚೆ, ಗಾಡಿಯನ್ನು ಪೂರ್ತಿ ಎತ್ತರಕ್ಕೆ ಏರಿಸಿ ಮಡಿಕೆ ಬಿಚ್ಚಿಕೊಳ್ಳುವಂತೆ ಮಾಡಿ, ಸಾದಾ ಪೈಪಿನ ನೀರು ಬಿಡಿ. ಪ್ರೆಷರ್ ವಾಷರ್ ಹತ್ತಿರ ಹಿಡಿಯಬೇಡಿ, ಡೀಸೆಲ್, ಗ್ರೀಸ್ ಸೋಕಿಸಬೇಡಿ. ಒಮ್ಮೆ ಇಳಿಸಿ, ಮತ್ತೆ ಏರಿಸಿ, ಇನ್ನೊಮ್ಮೆ ನೀರು ಬಿಡಿ. ತೊಳೆದಾಯ್ತು ಅಂದುಕೊಂಡ ಮೇಲೂ ಈ ಎರಡನೇ ಸಲಕ್ಕೆ ಒಂದು ಹಿಡಿ ಮರಳಾದರೂ ಉದುರುತ್ತದೆ, ನೋಡಿ ಬೇಕಾದರೆ.